ಸತ್ತಂತೆ ಬಿದ್ದ ಆರ್ಕೇಡ್ ಯಂತ್ರದ ನಾಡಿ ಹಿಡಿಯುವುದು ಹೇಗೆ?

ವರ್ಷಗಟ್ಟಲೆ ಮೂಲೆ ಸೇರಿದ್ದ ಆರ್ಕೇಡ್ ಯಂತ್ರವನ್ನು, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯನ್ನು, ಚಾಲೂ ಮಾಡಿದಾಗ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು, ಚೂರುಚೂರು ಚಿತ್ರಗಳು ಮೂಡಿದರೆ ಹೊಸಬರು ಕೈಚೆಲ್ಲುತ್ತಾರೆ. ಬಲ್ಲವರಿಗೆ ಮಾತ್ರ ಅದು ಒಳ್ಳೆಯ ಸುದ್ದಿ. ಯಾಕೆಂದು ತಿಳಿಯಲು ಆ ಚಿತ್ರ ಹುಟ್ಟುವ ಬಗೆಯನ್ನು ನೋಡಬೇಕು.

ನಾಮ್ಕೊ ಕಂಪನಿ 1980ರಲ್ಲಿ ಹೊರತಂದ ಪ್ಯಾಕ್-ಮ್ಯಾನ್ ಆಟದ ಪರದೆಯಲ್ಲಿರುವುದು 224 × 288 ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣವನ್ನೂ ನೆನಪಿಡುವಷ್ಟು ಮೆಮೊರಿ ಆ ಕಾಲಕ್ಕೆ ಬಲು ದುಬಾರಿ. ಅದಕ್ಕೇ ಪರದೆಯನ್ನು 8 × 8 ಚುಕ್ಕೆಗಳ ಚೌಕಗಳಾಗಿ ಹೋಳು ಮಾಡಿದರು. ಅಡ್ಡಕ್ಕೆ 28, ಉದ್ದಕ್ಕೆ 36, ಒಟ್ಟು 1,008 ಚೌಕಗಳು. ಯಾವ ಚೌಕದಲ್ಲಿ ಯಾವ ಅಚ್ಚು ಬರಬೇಕು ಎಂಬ ಸಂಖ್ಯೆಯಷ್ಟೇ ಮೆಮೊರಿಯಲ್ಲಿರುತ್ತದೆ. ಅಚ್ಚುಗಳು ಬರೆದು ಅಳಿಸಬಹುದಾದ ಈ ಮೆಮೊರಿಯಲ್ಲಲ್ಲ (ರಾಮ್), ಬದಲಾಗದಂತೆ ಬರೆದಿಟ್ಟ ರೋಮ್ ಚಿಪ್‌ನಲ್ಲಿವೆ. ಚಿತ್ರ ಬಿಡಿಸುವ ಸರ್ಕೀಟು ಈ ಸಂಖ್ಯೆಗಳನ್ನು ಸೆಕೆಂಡಿಗೆ ಸುಮಾರು 60 ಸಲ ತಾನೇ ಓದಿಕೊಂಡು ಪರದೆಗೆ ಕಳಿಸುತ್ತದೆ. ಝಡ್80 ಪ್ರೊಸೆಸರ್‌ನ ಪಾಲಿಗಿರುವುದು ಸಂಖ್ಯೆಗಳನ್ನು ಬದಲಿಸುವ ಕೆಲಸ ಮಾತ್ರ.

ವಿದ್ಯುತ್ ಬಂದ ಕ್ಷಣದಲ್ಲಿ ರಾಮ್‌ನಲ್ಲಿ ಯಾದೃಚ್ಛಿಕ ಸಂಖ್ಯೆಗಳಿರುವುದರಿಂದ ಪರದೆಯಲ್ಲೂ ಕಸವೇ ಕಾಣುತ್ತದೆ. ಕಸ ಸ್ಪಷ್ಟವಾಗಿ, ನಡುಗದೆ ಕಾಣುತ್ತಿದೆ ಎಂದರೆ ಕ್ಲಾಕ್ (ಎಲ್ಲಕ್ಕೂ ತಾಳ ಹಾಕುವ ಸರ್ಕೀಟು), ಸಿಂಕ್ (ಚಿತ್ರವನ್ನು ಪರದೆಗೆ ಹೊಂದಿಸುವ ಸಂಕೇತ), ಅಚ್ಚಿನ ರೋಮ್, ಮಾನಿಟರ್ ಎಲ್ಲವೂ ಬದುಕಿವೆ ಎಂದರ್ಥ. ಕಸ ಅಲುಗಾಡದೆ ನಿಂತಿದ್ದರೆ ಪ್ರೊಸೆಸರ್ ಓಡುತ್ತಿಲ್ಲ. ಸೆಕೆಂಡಿಗೆ ಮೂರ್ನಾಲ್ಕು ಸಲ ಮಿನುಗಿ ಬದಲಾಗುತ್ತಿದ್ದರೆ ವಾಚ್‌ಡಾಗ್ ಎಂಬ ಕಾವಲು ಸರ್ಕೀಟು ಕೆಲಸಕ್ಕಿಳಿದಿದೆ. ಪ್ರೋಗ್ರಾಂ ಆಗಾಗ ಅದರ ಬಾಗಿಲು ತಟ್ಟುತ್ತಿರಬೇಕು. 16 ಫ್ರೇಮ್ (ಪರದೆಯನ್ನು ಒಮ್ಮೆ ಬಿಡಿಸುವ ಹೊತ್ತು ಒಂದು ಫ್ರೇಮ್) ಕಳೆದರೂ ಸದ್ದಿಲ್ಲದಿದ್ದರೆ ಅದು ಪ್ರೊಸೆಸರ್ ಅನ್ನು ಮತ್ತೆ ಮೊದಲಿನಿಂದ ಶುರು ಮಾಡಿಸುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ಕಸ ಕಂಡೊಡನೆ ಚಿಪ್ ಕೀಳಲು ಹೊರಡುತ್ತಾರೆ. ಚಿಪ್‌ನ ಸರದಿ ಕೊನೆಗೆ. ಮೊದಲು ನೋಡಬೇಕಾದದ್ದು ಅದಕ್ಕೆ ಅನ್ನ ತಲುಪುವ ದಾರಿ. ಟಿಟಿಎಲ್ ಎಂಬ ಆ ಕಾಲದ ಜಾತಿಯ ಚಿಪ್‌ಗಳು 4.75ರಿಂದ 5.25 ವೋಲ್ಟ್ ಒಳಗೆ ಮಾತ್ರ ನಂಬಿಕಸ್ತವಾಗಿ ಕೆಲಸ ಮಾಡುತ್ತವೆ. ಮಲ್ಟಿಮೀಟರ್ ಅನ್ನು ಪವರ್ ಸಪ್ಲೈ ಮೇಲಿಟ್ಟು 5.00 ಕಂಡು ಸಮಾಧಾನಪಟ್ಟರೆ ಮೋಸಹೋದಂತೆ. ಚಿಪ್‌ಗಳು ಕೂತ ಬೋರ್ಡಿನಲ್ಲಿ, ಪವರ್ ಬರುವ ಜಾಗದಿಂದ ದೂರದಲ್ಲಿರುವ ಒಂದು ಚಿಪ್‌ನ ಕಾಲುಗಳ ಮೇಲೆ ಅಳೆಯಿರಿ. ಬೋರ್ಡು 4 ಆಂಪಿಯರ್ ಎಳೆಯುತ್ತಿದ್ದು ಕನೆಕ್ಟರ್‌ನ ಕಿಲುಬಿನಲ್ಲಿ ಬರೀ 0.1 ಓಮ್ ರೋಧವಿದ್ದರೂ 0.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಚಿಪ್‌ಗೆ ಸಿಗುವುದು 4.6. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕೈಕೊಡುವ ಯಂತ್ರಗಳಲ್ಲಿ ಈ ಕಾಯಿಲೆಯನ್ನೇ ಮೊದಲು ಶಂಕಿಸಬೇಕು.

ಸೋರಿದ ವಿದ್ಯುತ್ತು ಸುಮ್ಮನಿರುವುದಿಲ್ಲ. 4 ಆಂಪಿಯರ್‌ಗೆ 0.4 ವೋಲ್ಟ್ ಎಂದರೆ 1.6 ವಾಟ್ ಶಾಖ, ಅದೂ ಒಂದು ಸಣ್ಣ ಲೋಹದ ಪಟ್ಟಿಯ ಮೇಲೆ. ಬಿಸಿಯಾದಷ್ಟೂ ಕಿಲುಬು ಹೆಚ್ಚು, ಕಿಲುಬಿದಷ್ಟೂ ಬಿಸಿ ಹೆಚ್ಚು. ಪ್ಯಾಕ್-ಮ್ಯಾನ್ ಬೋರ್ಡಿನ ಅಂಚು ತೂರುವ ಎಡ್ಜ್ ಕನೆಕ್ಟರ್ ಸುಟ್ಟು ಕಪ್ಪಾಗುವುದಕ್ಕೆ ಹೆಸರುವಾಸಿ. ಎಸಿಯನ್ನು ಬೋರ್ಡಿಗೇ ತಂದು ಅಲ್ಲೇ 5 ವೋಲ್ಟ್‌ಗೆ ಇಳಿಸುವ ವಿನ್ಯಾಸವಾದ್ದರಿಂದ ಇಡೀ ಹೊರೆ ಆ ಕೆಲವೇ ಪಟ್ಟಿಗಳ ಮೇಲೆ ಬೀಳುತ್ತದೆ. ಬೋರ್ಡಿನ ಅಂಚನ್ನು ಬಿಳಿ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಸಾಕಾಗಬಹುದು. ಉಜ್ಜುಕಾಗದ ಬೇಡ, ಮೇಲಿನ ತೆಳು ಲೇಪ ಕಿತ್ತುಬರುತ್ತದೆ. ಕನೆಕ್ಟರ್‌ನ ಸ್ಪ್ರಿಂಗ್ ಬಿಗಿ ಕಳೆದುಕೊಂಡಿದ್ದರೆ ಹೊಸದನ್ನೇ ಹಾಕಬೇಕು. ಸಪ್ಲೈ ತಿರುಪನ್ನು ತಿರುಗಿಸಿ ವೋಲ್ಟೇಜ್ ಏರಿಸುವುದು ಗಾಯಕ್ಕೆ ಬಟ್ಟೆ ಮುಚ್ಚಿದ ಹಾಗೆ: ಮುಂದೊಂದು ದಿನ ಕನೆಕ್ಟರ್ ಸ್ವಚ್ಛವಾದಾಗ ಚಿಪ್‌ಗಳಿಗೆ 5.4 ವೋಲ್ಟ್ ನುಗ್ಗುತ್ತದೆ. 4116 ಮಾದರಿಯ ರಾಮ್ ಇರುವ ಬೋರ್ಡುಗಳಲ್ಲಿ -5 ವೋಲ್ಟ್ ಅನ್ನೂ ಅಳೆಯದೆ ಬಿಡಬಾರದು. ಅದು ಇಲ್ಲದೆ ಉಳಿದ ವೋಲ್ಟೇಜ್‌ಗಳು ಬಂದರೆ ಆ ಚಿಪ್‌ಗಳು ಸುಟ್ಟುಹೋಗುತ್ತವೆ.

ಮಾನಿಟರ್‌ಗೆ ಕೈಹಾಕುವ ಮುನ್ನ ಪ್ಲಗ್ ಕೀಳಿ. ಕಿತ್ತರೂ ಅಪಾಯ ಮುಗಿಯಲಿಲ್ಲ. ಪಿಕ್ಚರ್ ಟ್ಯೂಬಿನ ಗಾಜಿನ ಒಳಗೂ ಹೊರಗೂ ವಿದ್ಯುತ್ ಹರಿಸುವ ಕಪ್ಪು ಲೇಪವಿದೆ, ನಡುವೆ ಗಾಜು. ಅಂದರೆ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್ (ವಿದ್ಯುತ್ ಕೂಡಿಡುವ ಸಾಧನ), ಅದರಲ್ಲಿ 20,000 ವೋಲ್ಟ್ ಆಸುಪಾಸಿನ ಚಾರ್ಜ್ ಉಳಿದಿರಬಹುದು. ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರ್‌ನ ಲೋಹಕ್ಕೆ ವೈರ್ ಕ್ಲಿಪ್ ಹಾಕಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಅಂಟಿಕೊಂಡಿರುವ ಹೆಣೆದ ತಾಮ್ರದ ಪಟ್ಟಿಗೆ ಸಿಕ್ಕಿಸಿ. ಒಂದು ಕೈ ಬೆನ್ನ ಹಿಂದಿರಲಿ. ಇನ್ನೊಂದರಿಂದ ಸ್ಕ್ರೂಡ್ರೈವರ್ ತುದಿಯನ್ನು ಟ್ಯೂಬಿಗೆ ಹೈ ವೋಲ್ಟೇಜ್ ಸೇರುವ ಆನೋಡ್‌ನ ರಬ್ಬರ್ ಟೊಪ್ಪಿಗೆಯಡಿ ತೂರಿಸಿ ಲೋಹ ಮುಟ್ಟಿಸಿ. ಚಟ್ ಎಂಬ ಸದ್ದು ಬಂದರೂ ಬಾರದಿದ್ದರೂ ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಮುಟ್ಟಿಸಬೇಕು, ಯಾಕೆಂದರೆ ಗಾಜು ಒಂದಿಷ್ಟು ಚಾರ್ಜ್ ಅನ್ನು ಒಳಗೆ ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಇದನ್ನು ಓದಿ ಕೈ ನಡುಗುವವರು ಮಾನಿಟರ್ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದೇ ಸರಿ, ಅದರಲ್ಲಿ ಅವಮಾನವೇನಿಲ್ಲ.

ಚಿತ್ರ ಕೆಡುವುದಕ್ಕೆ ಮುಖ್ಯ ಅಪರಾಧಿ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್. ಅದರ ಹೊಟ್ಟೆಯಲ್ಲಿರುವ ದ್ರವ ಶಾಖಕ್ಕೆ ಮೆಲ್ಲಗೆ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಲೆಕ್ಕ. ಚಿತ್ರದ ಮೇಲಂಚು ಮಡಚಿಕೊಂಡರೆ, ಎತ್ತರ ಕುಗ್ಗಿದರೆ ಕಿರಣವನ್ನು ಮೇಲೆ ಕೆಳಗೆ ಎಳೆಯುವ ಭಾಗದ ಕೆಪಾಸಿಟರ್‌ಗಳನ್ನು ಶಂಕಿಸಿ. ಇಡೀ ಚಿತ್ರ ಅಲೆಯಂತೆ ಬಳುಕಿದರೆ ಸಪ್ಲೈಯ ದೊಡ್ಡ ಫಿಲ್ಟರ್ ಕೆಪಾಸಿಟರ್. ಚಿತ್ರ ಕುಸಿದು ಒಂದೇ ಅಡ್ಡ ಬೆಳ್ಳಿಗೆರೆಯಾಗಿದ್ದರೆ ಮೇಲೆ ಕೆಳಗಿನ ಚಲನೆ ಪೂರ್ತಿ ನಿಂತಿದೆ. ಆ ಗೆರೆ ಪರದೆಯ ಒಳಗಿನ ಹೊಳೆಯುವ ಲೇಪವನ್ನು (ಫಾಸ್ಫರ್) ಸುಡುವ ಮೊದಲೇ ಆರಿಸಿ. ಒಂದು ಸಂಗತಿ ನೆನಪಿರಲಿ: ಪ್ಯಾಕ್-ಮ್ಯಾನ್‌ನಂಥ ಯಂತ್ರಗಳಲ್ಲಿ ಮಾನಿಟರ್ ಅನ್ನು ಪಕ್ಕಕ್ಕೆ ಮಲಗಿಸಿ ಕೂರಿಸಿರುತ್ತಾರೆ. ಅಲ್ಲಿ ಇದೇ ದೋಷದ ಗೆರೆ ನೆಟ್ಟಗೆ ನಿಂತಿರುತ್ತದೆ, ಪುಸ್ತಕ ನೋಡಿ ರಿಪೇರಿ ಮಾಡುವವರು ತಪ್ಪು ಸರ್ಕೀಟಿಗೆ ಕೈಹಾಕುತ್ತಾರೆ.

ಬದಲಿಸುವಾಗ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ತಾಳುವ ಜಾತಿ ಆರಿಸಿ. ಒಂದು ಬಿಚ್ಚಿ ಒಂದು ಹಾಕಿ; ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಎಲ್ಲೋ ಒಂದು ತಿರುಗುಮುರುಗಾಗಿ ಕೂತು ಸಿಡಿಯುತ್ತದೆ.

ರೋಮ್‌ಗಳ ವಿಷಯ ಬೇರೆ. ನೆತ್ತಿಯ ಮೇಲೆ ಗಾಜಿನ ಕಿಟಕಿಯಿರುವ ಈಪ್ರೋಮ್‌ನಲ್ಲಿ ಪ್ರೋಗ್ರಾಂ ಉಳಿದಿರುವುದು ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳ ರೂಪದಲ್ಲಿ. ನೇರಳಾತೀತ ಕಿರಣ ಬಿದ್ದರೆ ಅವು ತಪ್ಪಿಸಿಕೊಳ್ಳುತ್ತವೆ, ಆದ್ದರಿಂದ ಕಿಟಕಿಯ ಮೇಲಿನ ಚೀಟಿ ಕೀಳಬಾರದು. ಆದರೆ ಚಿಪ್‌ಗಿಂತ ಮೊದಲು ಅದು ಕೂತ ಸಾಕೆಟ್ ಕೆಡುವುದೇ ಹೆಚ್ಚು. ಚಿಪ್ ಎತ್ತಿ, ಕಾಲು ಶುಚಿ ಮಾಡಿ, ಮತ್ತೆ ಕೂರಿಸಿದರೆ ಎಷ್ಟೋ ಬೋರ್ಡು ಎದ್ದು ಕೂರುತ್ತವೆ. ಇದಕ್ಕಿಂತ ಕೆಟ್ಟದ್ದು ಬೋರ್ಡಿನ ಮೇಲಿನ ಬ್ಯಾಟರಿ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದರೆ ಅದರ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ವಿನೆಗರ್ ಸವರಿ, ನೀರಿನಲ್ಲಿ ತೊಳೆದು, ಆಲ್ಕೊಹಾಲ್ ಹಚ್ಚಿ ಪೂರ್ತಿ ಒಣಗಿಸಬೇಕು. ಕ್ಯಾಪ್ಕಾಮ್ ಕಂಪನಿಯ ಸಿಪಿಎಸ್-2 ಬೋರ್ಡಿನಲ್ಲಂತೂ ಆಟದ ಪ್ರೋಗ್ರಾಂನ ಗೂಢಲಿಪಿ ಬಿಡಿಸುವ ಕೀಲಿ ಬ್ಯಾಟರಿ ಆಸರೆಯ ಮೆಮೊರಿಯಲ್ಲೇ ಇತ್ತು. ಬ್ಯಾಟರಿ ಸತ್ತರೆ ಆಟವೂ ಸತ್ತಿತು. 2007ರಲ್ಲಿ ಆ ಗೂಢಲಿಪಿಯನ್ನು ಪೂರ್ತಿ ಭೇದಿಸಿದರು.

ಎಲ್ಲ ಸರಿಯಾದ ಮೇಲೂ ಕೆಲವು ವಿಚಿತ್ರಗಳು ಉಳಿಯುತ್ತವೆ. ತೈತೊ ಕಂಪನಿಯ 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರು ಓಟ ಕೀಳುವುದು ಕ್ಲಾಕ್ ಕೆಟ್ಟದ್ದರಿಂದಲ್ಲ. ಪ್ರೋಗ್ರಾಂ ಒಂದು ಫ್ರೇಮ್‌ಗೆ ಒಬ್ಬನನ್ನು ಮಾತ್ರ ಸರಿಸುತ್ತದೆ. 55 ಮಂದಿ ಇದ್ದಾಗ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು, ಕೊನೆಯವನು ಪ್ರತಿ ಫ್ರೇಮ್‌ಗೂ ಹೆಜ್ಜೆ ಇಡುತ್ತಾನೆ. ಪ್ಯಾಕ್-ಮ್ಯಾನ್‌ನ 256ನೇ ಹಂತದಲ್ಲಿ ಪರದೆಯ ಬಲ ಅರ್ಧ ಅಕ್ಷರಗಳ ಕಸವಾಗುವುದನ್ನು ಕಂಡು ರಾಮ್ ಬದಲಿಸಲೂ ಹೋಗಬೇಡಿ. ಹಂತದ ಎಣಿಕೆ ಸೊನ್ನೆಯಿಂದ 255ರವರೆಗೆ ಮಾತ್ರ ಹಿಡಿಯುವ ಒಂದೇ ಬೈಟ್‌ನಲ್ಲಿದೆ. 255ಕ್ಕೆ ಒಂದು ಕೂಡಿದಾಗ ಅದು ಸೊನ್ನೆಯಾಗಿ, ಕೆಳಗೆ ಹಣ್ಣುಗಳನ್ನು ಬಿಡಿಸುವ ಪ್ರೋಗ್ರಾಂ ಏಳಕ್ಕೆ ನಿಲ್ಲಬೇಕಾದದ್ದು 256 ಸಲ ಸುತ್ತಿ ಮೆಮೊರಿಯನ್ನು ತುಳಿದುಹಾಕುತ್ತದೆ. ಹಂತ ಮುಗಿಸಲು ಪ್ಯಾಕ್-ಮ್ಯಾನ್ ತಿನ್ನಬೇಕಾದಷ್ಟು ಕಾಳುಗಳೇ ಅಲ್ಲಿ ಉಳಿಯುವುದಿಲ್ಲ, ಯಂತ್ರ ಎಷ್ಟೇ ಆರೋಗ್ಯವಾಗಿದ್ದರೂ ಅದನ್ನು ದಾಟಲಾಗದು.