ಜಿಪಿಒ ಗೋಡೆಯಿಂದ ಬಾಘ್ ಗುಹೆಗೆ: ಕ್ರಿಟೇಷಿಯಸ್ ಮರಳುಗಲ್ಲಿನ ಟಿಪ್ಪಣಿ

ಡೊಂಬಿವಲಿಯಲ್ಲಿ ಭಾನುವಾರ ಕೂತು ಓದುವ ನಮ್ಮ ಗುಂಪಿನಲ್ಲಿ ಕಳೆದ ಸಲ ಒಬ್ಬರು ಕೇಳಿದರು: "ಮರಳುಗಲ್ಲು ನೋಡೋಕೆ ಬಾದಾಮಿಗೇ ಹೋಗಬೇಕಾ? ಮುಂಬೈಯಲ್ಲಿ ಇರೋದೆಲ್ಲ ಕರಿಗಲ್ಲೇ ಅಲ್ವಾ?"

ಅಷ್ಟು ದೂರ ಬೇಡ, ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದರೆ ಸಾಕು. ಪಕ್ಕದಲ್ಲೇ ಇರುವ ಜನರಲ್ ಪೋಸ್ಟ್ ಆಫೀಸ್ (ಜಿಪಿಒ) 1904ರಲ್ಲಿ ಶುರುವಾಗಿ 1913ರಲ್ಲಿ ಮುಗಿದ ಕಟ್ಟಡ. ವಾಸ್ತುಶಿಲ್ಪಿ ಜಾನ್ ಬೆಗ್. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ಗೋಡೆಗೆ ಇಲ್ಲಿಯದೇ ಕಪ್ಪು ಬಸಾಲ್ಟ್ (ಲಾವಾ ಆರಿ ಗಟ್ಟಿಯಾದ ಕಲ್ಲು), ಅಲಂಕಾರಕ್ಕೆ ಕುರ್ಲಾದ ಹಳದಿ ಕಲ್ಲು, ಜೊತೆಗೆ ಗುಜರಾತಿನ ಧ್ರಾಂಗಧ್ರಾದಿಂದ ತಂದ ಬಿಳಿ ಮರಳುಗಲ್ಲು. ಈ ಬಿಳಿ ಕಲ್ಲೇ ಇವತ್ತಿನ ಪಾಠ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ, ನಾನೂ ಇಲ್ಲೇ ತಪ್ಪಿದ್ದೆ. ಬಾದಾಮಿಯ ಕೆಂಪು ಮರಳುಗಲ್ಲು ಕ್ರಿಟೇಷಿಯಸ್ ಅಲ್ಲ. ಅದು ಪ್ರೊಟೆರೊಜೋಯಿಕ್ ಕಾಲದ್ದು, 54 ಕೋಟಿ ವರ್ಷಕ್ಕೂ ಹಿಂದಿನದು. ಕ್ರಿಟೇಷಿಯಸ್ ಎಂದರೆ ಸುಮಾರು 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿ. ಬಣ್ಣ ನೋಡಿ ಕಲ್ಲಿನ ವಯಸ್ಸು ಹೇಳಲಾಗದು.

ಧ್ರಾಂಗಧ್ರಾ, ಭುಜ್, ಹಿಮ್ಮತ್‌ನಗರದ ಮರಳುಗಲ್ಲುಗಳು, ನರ್ಮದಾ ಕಣಿವೆಯ ನಿಮಾಡ್ ಮರಳುಗಲ್ಲು ಇವೆಲ್ಲ ಕ್ರಿಟೇಷಿಯಸ್ ಕಾಲದವು. ಧ್ರಾಂಗಧ್ರಾದ ಕೆಳಪದರಗಳು ಮಾತ್ರ ಜುರಾಸಿಕ್ ಕೊನೆಯವರೆಗೂ ಹಿಂದೆ ಹೋಗುತ್ತವೆ. ನದಿಗಳು, ಅಳಿವೆಗಳು ತಂದು ಸುರಿದ ಮರಳು ಗಟ್ಟಿಯಾದದ್ದು ಇದು. ಧ್ರಾಂಗಧ್ರಾ ಮತ್ತು ಭುಜ್ ಪದರಗಳಲ್ಲಿ ಟೈಲೊಫಿಲಮ್ ಎಂಬ ಗಿಡದ ಎಲೆಯಚ್ಚುಗಳು ಸಿಗುತ್ತವೆ, ಪರೀಕ್ಷೆಗೆ ಈ ಹೆಸರು ನೆನಪಿರಲಿ. ಆಮೇಲೆ ಡೆಕ್ಕನ್ ಲಾವಾ ಹರಿದು ಬಹುಭಾಗವನ್ನು ಮುಚ್ಚಿತು. ಲಾವಾ ತಲುಪದ ಕಡೆ, ಸವೆದುಹೋದ ಕಡೆ ಮರಳುಗಲ್ಲು ಹೊರಗೆ ಕಾಣುತ್ತದೆ.

ಹಾಗೆ ಕಾಣುವ ಕಡೆ ಊರು ಯಾಕೆ ಬೆಳೆಯಿತು? ಮುಖ್ಯ ಕಾರಣ ನೀರು. ಬಸಾಲ್ಟ್‌ನಲ್ಲಿ ನೀರು ನಿಲ್ಲುವುದು ಹೆಚ್ಚಾಗಿ ಬಿರುಕುಗಳಲ್ಲಿ, ಮೇಲಿನ ಸಡಿಲ ಪದರದಲ್ಲಿ. ಮರಳುಗಲ್ಲಿನಲ್ಲಾದರೆ ಕಣ ಕಣದ ನಡುವೆಯೂ ಜಾಗವಿದೆ. ಮಳೆ ಕಡಿಮೆಯಿರುವ ಕಚ್ಛ್‌ನಲ್ಲಿ ಭುಜ್ ಮರಳುಗಲ್ಲೇ ಅಂತರ್ಜಲದ ದೊಡ್ಡ ಆಸರೆ. ಎರಡನೇ ಕಾರಣ, ಉಳಿಗೆ ಬಗ್ಗುವ ಮೃದುತನ. ಧ್ರಾಂಗಧ್ರಾದಲ್ಲಿ ಕಲ್ಲುಗಣಿಯ ಸುತ್ತ ಕೆತ್ತನೆಯ ಕಸುಬೇ ಬೆಳೆಯಿತು.

ಆದರೆ ಅದೇ ಮೃದುತನ ಏನನ್ನು ಕಿತ್ತುಕೊಳ್ಳುತ್ತದೆ ಎಂದು ತಿಳಿಯಲು ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಘ್‌ಗೆ ಬರಬೇಕು. ಬಾಘಿನಿ ಹೊಳೆಯ ದಡದ ಕಡಿದಾದ ನಿಮಾಡ್ ಮರಳುಗಲ್ಲಿನಲ್ಲಿ ಬೌದ್ಧರು ಒಂಬತ್ತು ಗುಹೆ ಕೊರೆದರು, ಉಳಿದಿರುವುದು ಐದು. ಅಜಂತಾ ಬಸಾಲ್ಟ್‌ನಲ್ಲಿದೆ, ಬಾಘ್ ಮರಳುಗಲ್ಲಿನಲ್ಲಿದೆ: ಒಂದೇ ಬಗೆಯ ವಿಹಾರಗಳ ಹಣೆಬರಹ ಬೇರೆಯಾದದ್ದು ಇದರಿಂದ. ಮರಳುಗಲ್ಲಿನ ಮೇಲೆ ಜೇಡಿಕಲ್ಲಿನ ಪದರ ಕೂತಿದೆ. ನೀರು ಇಳಿದಂತೆ ಚಾವಣಿಯ ಭಾರ ಹೆಚ್ಚಿತು, ಕೆಳಗಿನ ಕಲ್ಲು ಸೋತಿತು. ಕೊರೆದವರಿಗೆ ಇದರ ಅರಿವಿತ್ತು ಎಂದೇ ನನ್ನ ನಂಬಿಕೆ, ಯಾಕೆಂದರೆ ಸುತ್ತಲಿನ ಕಂಬಗಳು ಸಾಲವೆಂಬಂತೆ ಸಭಾಂಗಣದ ನಡುವೆಯೂ ಕಂಬಗಳನ್ನು ಬಿಟ್ಟಿದ್ದಾರೆ. ಎರಡನೇ ಗುಹೆಯಲ್ಲಿ ಸಿಕ್ಕ ಮಹಾರಾಜ ಸುಬಂಧುವಿನ ತಾಮ್ರಶಾಸನ ವಿಹಾರದ ದುರಸ್ತಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಅಂದರೆ ಅಷ್ಟು ಹಿಂದೆಯೇ ರಿಪೇರಿ ಬೇಕಾಗಿತ್ತು! ಓದಿದಾಗ ನಿಜಕ್ಕೂ ಮನಸ್ಸು ಕಲಕಿತು. ರಂಗಮಹಲ್ ಎನ್ನುವ ನಾಲ್ಕನೇ ಗುಹೆಯ ಚಿತ್ರಗಳು ಹೆಸರಾದವು. ಉಳಿದಿದ್ದ ಭಿತ್ತಿಚಿತ್ರಗಳನ್ನು 1982ರಲ್ಲಿ ಗೋಡೆಯಿಂದ ಜಾಗ್ರತೆಯಾಗಿ ಬಿಡಿಸಿ ತೆಗೆದರು, ಈಗ ಅವು ಗ್ವಾಲಿಯರ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಬಾಘ್ ಊರು ಇನ್ನೂ ಅದೇ ಹೊಳೆಯನ್ನು ನೆಚ್ಚಿದೆ. ಬಾಘ್ ಪ್ರಿಂಟ್ ಬಟ್ಟೆಯನ್ನು ಖತ್ರಿ ಕುಶಲಕರ್ಮಿಗಳು ಹರಿಯುವ ನೀರಿನಲ್ಲಿ ಜಾಲಿಸಿ ತೊಳೆಯುತ್ತಾರೆ.

ಮುಂದಿನ ಭಾನುವಾರ ಜಿಪಿಒ ಹತ್ತಿರ ಸೇರೋಣ. ಭೂತಗನ್ನಡಿ ತನ್ನಿ, ಬಿಳಿ ಕಲ್ಲಿನಲ್ಲಿ ಮರಳಿನ ಕಣ ಬಿಡಿಬಿಡಿಯಾಗಿ ಕಾಣುತ್ತದಾ ನೋಡೋಣ. ಗೀರುವುದು, ಆಸಿಡ್ ಹನಿ ಹಾಕುವುದು ಬೇಡ. ಅದು ಪಾರಂಪರಿಕ ಕಟ್ಟಡ.