ಸ್ಟಾರ್ಟರ್ ಕಾಯಿಲ್ ಮತ್ತು ಅರ್ಧ ಇಂಚಿನ ಪೈಪು

ಫೆಬ್ರವರಿ ಬಂತೆಂದರೆ ಸಕಲೇಶಪುರದ ಕಡೆ ರೊಬಸ್ಟಾ ತೋಟಗಳಲ್ಲಿ ಹೂವಿಗೆ ನೀರು ಹೊಡೆಯುವ ಗಡಿಬಿಡಿ. ಹಾಸನದಲ್ಲಿ ನಮಗೆ ದ್ವಿತೀಯ ಪಿಯುಸಿ ರಿವಿಷನ್ನಿನ ಗಡಿಬಿಡಿ. ಒಂದು ಸೋಮವಾರ ಆ ಕಡೆಯ ಹುಡುಗನೊಬ್ಬ ಸುಟ್ಟು ಕಪ್ಪಾದ ಪಂಪ್‌ಸೆಟ್ ಸ್ಟಾರ್ಟರ್ ಕಾಯಿಲ್ ತಂದು ನನ್ನ ಮೇಜಿನ ಮೇಲಿಟ್ಟ. "ಸಾರ್, ಇದೂ ಸೊಲೆನಾಯ್ಡೇ ಅಲ್ವಾ? ಇದರೊಳಗೆ ಕಾಂತಕ್ಷೇತ್ರ ಎಷ್ಟಿತ್ತು ಅಂತ ಲೆಕ್ಕ ಹಾಕೋಕಾಗುತ್ತಾ?"

ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಸೊಲೆನಾಯ್ಡ್ ಎಂದರೆ ಕೊಳವೆಯಂತೆ ಸುತ್ತಿದ ತಂತಿಯ ಸುರುಳಿ; ಕರೆಂಟು ಹರಿದರೆ ಒಳಗೆ ಕಾಂತಕ್ಷೇತ್ರ ಹುಟ್ಟುತ್ತದೆ. ಆದರೆ ಸ್ಟಾರ್ಟರ್ ಕಾಯಿಲ್ ಒಳಗೆ ಕಬ್ಬಿಣ ಇರುತ್ತದೆ. ಅದನ್ನು ಆಮೇಲೆ ನೋಡೋಣ, ಮೊದಲು ಒಳಗೆ ಬರೀ ಗಾಳಿ ಇರುವ ಸುರುಳಿ ಮಾಡೋಣ ಎಂದೆ.

ಅರ್ಧ ಇಂಚಿನ ಪಿವಿಸಿ ಪೈಪನ್ನು 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿದೆವು. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಎನಾಮಲ್ ಸೇರಿ ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ತಂದೆವು. ಸಂದಿಲ್ಲದಂತೆ ಒಂದೇ ಪದರ ಸುತ್ತಿದರೆ 600 ಸುತ್ತು. ಅದರಲ್ಲಿ 1 ಆಂಪಿಯರ್ ಕರೆಂಟು.

ಸುರುಳಿಯೊಳಗಿನ ಕ್ಷೇತ್ರದ ಸೂತ್ರ ಎಲ್ಲರಿಗೂ ಬಾಯಿಪಾಠ: ಮ್ಯೂ ನಾಟ್ ಎನ್ ಐ. ಐ ಎಂದರೆ ಕರೆಂಟು, ಮ್ಯೂ ನಾಟ್ ಒಂದು ಸ್ಥಿರಾಂಕ. ಪ್ರತಿ ವರ್ಷ ಕೆಲವರಾದರೂ ಎನ್ ಜಾಗದಲ್ಲಿ 600 ಹಾಕುತ್ತಾರೆ. ಅಲ್ಲಿ ಬೇಕಿರುವುದು ಒಟ್ಟು ಸುತ್ತು ಅಲ್ಲ, ಒಂದು ಮೀಟರಿಗೆ ಎಷ್ಟು ಸುತ್ತು ಎನ್ನುವುದು. 600ನ್ನು 0.3ರಿಂದ ಭಾಗಿಸಿದರೆ 2000. ಮ್ಯೂ ನಾಟ್‌ನ ಬೆಲೆ 1.257ನ್ನು ಹತ್ತು ಲಕ್ಷದಿಂದ ಭಾಗಿಸಿದಷ್ಟು. ಗುಣಿಸಿ ನೋಡಿ: 0.0025 ಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ), ಅಂದರೆ 2.5 ಮಿಲಿಟೆಸ್ಲಾ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅದರ 60 ಪಟ್ಟಿಗೂ ಜಾಸ್ತಿ! ಅದೇ 600 ಸುತ್ತನ್ನು ಎಳೆದು 60 ಸೆಂ.ಮೀ.ಗೆ ಹರಡಿದರೆ ಕ್ಷೇತ್ರ ಅರ್ಧಕ್ಕಿಳಿಯುತ್ತದೆ. ಮೇಲೊಂದು ಪದರ ಅದೇ ದಿಕ್ಕಿನಲ್ಲಿ ಸುತ್ತಿದರೆ ಎರಡರಷ್ಟಾಗುತ್ತದೆ.

ಪೈಪಿನ ಅಗಲ ಸೂತ್ರದಲ್ಲಿ ಯಾಕಿಲ್ಲ? ಇದನ್ನು ಮಕ್ಕಳೇ ಕೇಳಬೇಕು ಅಂತ ನಾನು ಕಾಯುತ್ತೇನೆ. ಸುರುಳಿಯನ್ನು ಉದ್ದಕ್ಕೆ ಸೀಳಿದಂತೆ ಬೋರ್ಡಿನ ಮೇಲೆ ಬರೆಯಿರಿ. ಒಂದು ಅಂಚು ಒಳಗೆ, ಇನ್ನೊಂದು ಹೊರಗೆ ಇರುವಂತೆ ಒಂದು ಆಯತ ಎಳೆಯಿರಿ. ಉದ್ದವಾದ ಸುರುಳಿಯ ಹೊರಗೆ ಕ್ಷೇತ್ರ ಇಲ್ಲವೆಂದೇ ಹೇಳಬಹುದು. ಅಡ್ಡ ಅಂಚುಗಳು ಕ್ಷೇತ್ರಕ್ಕೆ ಲಂಬ, ಅವುಗಳ ಪಾಲೂ ಸೊನ್ನೆ. ಉಳಿದದ್ದು ಒಳಗಿನ ಅಂಚು ಮಾತ್ರ. ಆಂಪಿಯರ್ ನಿಯಮದ ಪ್ರಕಾರ ಕ್ಷೇತ್ರ ಗುಣಿಸು ಆ ಅಂಚಿನ ಉದ್ದ, ಮ್ಯೂ ನಾಟ್ ಗುಣಿಸು ಆಯತದೊಳಗೆ ಸಿಕ್ಕ ಒಟ್ಟು ಕರೆಂಟಿಗೆ ಸಮ. ಉದ್ದ ಎರಡೂ ಕಡೆ ಇದೆ, ಹೊಡೆದುಹೋಗುತ್ತದೆ. ಈಗ ಒಳಗಿನ ಅಂಚನ್ನು ನಡುವಿಗೆ ತಳ್ಳಿ, ಇಲ್ಲವೇ ಗೋಡೆಯ ಹತ್ತಿರಕ್ಕೆ ತನ್ನಿ. ಆಯತದೊಳಗಿನ ತಂತಿಗಳು ಅಷ್ಟೇ. ಹಾಗಾಗಿ ಕ್ಷೇತ್ರವೂ ಅಷ್ಟೇ. ಇಷ್ಟು ವರ್ಷ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ. ಅಂದಹಾಗೆ, ಸೊಲೆನಾಯ್ಡ್ ಎಂದು ಹೆಸರಿಟ್ಟಿದ್ದೂ ಆಂಪಿಯರ್‌ನೇ. ಅದರ ಮೂಲ ಕೊಳವೆ ಎಂಬ ಅರ್ಥದ ಗ್ರೀಕ್ ಪದ.

ಆದರೆ ಎಲ್ಲವೂ ನಿಂತಿರುವುದು 'ಉದ್ದವಾದ' ಎಂಬ ಮಾತಿನ ಮೇಲೆ. ನಮ್ಮ ಪೈಪಿನ ನಡುವಿನಲ್ಲಿ ಸೂತ್ರದ ತಪ್ಪು ಶೇಕಡಾ 0.5ರಷ್ಟೂ ಇಲ್ಲ. ಅದೇ ತಂತಿಯನ್ನು ನಾಲ್ಕು ಇಂಚಿನ ಪೈಪಿನ ಮೇಲೆ ಬರೀ 4 ಸೆಂ.ಮೀ. ಅಗಲಕ್ಕೆ ಸುತ್ತಿದರೆ, ನಿಜವಾದ ಕ್ಷೇತ್ರ ಸೂತ್ರ ಹೇಳುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಉದ್ದ ಸುರುಳಿಯಲ್ಲೂ ಬಾಯಿಯ ಹತ್ತಿರ ಅರ್ಧವೇ ಸಿಗುವುದು. ಯಾಕೆಂದರೆ ಅಂಥದ್ದೇ ಇನ್ನೊಂದು ಸುರುಳಿಯನ್ನು ಬಾಯಿಗೆ ಬಾಯಿ ಕೂಡಿಸಿದರೆ ಆ ಜಾಗ ನಡುಭಾಗವಾಗಿ ಪೂರ್ತಿ ಕ್ಷೇತ್ರ ಬರುತ್ತದೆ. ಅದರಲ್ಲಿ ಎರಡಕ್ಕೂ ಸಮಪಾಲು.

ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಇದಕ್ಕೆ ಸುಮಾರು 40 ಮೀಟರ್ ತಂತಿ ಬೇಕು, ಅದರ ರೋಧ ಸುಮಾರು 4 ಓಮ್. 1 ಆಂಪಿಯರಿಗೆ 4 ವ್ಯಾಟ್ ಬಿಸಿ, ತೊಂದರೆಯಿಲ್ಲ. ನೇರ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ 36 ವ್ಯಾಟ್. ಪೈಪು ಮೆತ್ತಗಾಗುತ್ತದೆ.

ಇನ್ನು ಸುಟ್ಟ ಕಾಯಿಲ್. ಕಬ್ಬಿಣ ಇದೆಯೆಂದು ಸುಮ್ನೆ ಸಾವಿರದಿಂದ ಗುಣಿಸಬಾರದು. ಗಾಳಿಗಿಂತ ಕಬ್ಬಿಣ ಕಾಂತಕ್ಷೇತ್ರಕ್ಕೆ ಸಾವಿರ ಪಟ್ಟು ಸುಲಭವಾಗಿ ದಾರಿ ಕೊಡುತ್ತದೆ ಎಂದಿಟ್ಟುಕೊಂಡರೆ, ಆ ದಾರಿಯಲ್ಲಿ 1 ಮಿ.ಮೀ. ಗಾಳಿಯ ಸಂದು ಒಂದು ಮೀಟರ್ ಕಬ್ಬಿಣದಷ್ಟು ಅಡ್ಡಿ ಮಾಡುತ್ತದೆ. ಸಂದು ಗೊತ್ತಿಲ್ಲದೆ ಕ್ಷೇತ್ರ ಹೇಳಲಾಗದು. ಸ್ಟಾರ್ಟರ್ ಒಳಗೆ ಕಾಯಿಲ್ ಕಬ್ಬಿಣದ ಒಂದು ತುಂಡನ್ನು ಇನ್ನೊಂದರತ್ತ ಎಳೆದು ಮೋಟಾರಿಗೆ ಕರೆಂಟು ಹರಿಸುತ್ತದೆ. ಅದು ನಡೆಯುವುದು ಎಸಿ ಕರೆಂಟಿನಲ್ಲಿ. ಅಲ್ಲಿ ಕರೆಂಟನ್ನು ತಡೆದು ಹಿಡಿಯುವುದು ಹೆಚ್ಚಾಗಿ ತಂತಿಯ ರೋಧವಲ್ಲ, ಕಾಯಿಲ್‌ನ ಪ್ರೇರಕತ್ವ, ಅಂದರೆ ಕರೆಂಟಿನ ಏರಿಳಿತವನ್ನು ವಿರೋಧಿಸುವ ಗುಣ. ಕಬ್ಬಿಣದ ಆ ಎರಡು ತುಂಡು ಪೂರ್ತಿ ಕೂಡಿಕೊಂಡಾಗ ಪ್ರೇರಕತ್ವ ಜಾಸ್ತಿ. ನಡುವೆ ಏನಾದರೂ ಸಿಕ್ಕಿಕೊಂಡರೆ ಪ್ರೇರಕತ್ವ ಬೀಳುತ್ತದೆ, ಕರೆಂಟು ಹಲವು ಪಟ್ಟು ಏರುತ್ತದೆ, ಎನಾಮಲ್ ಕರಗುತ್ತದೆ.

"ಹೊಸ ಕಾಯಿಲ್ ಹಾಕೋ ಮೊದಲು ಮೈನ್ ಆಫ್ ಮಾಡಿಸಿ ಸಂದು ನೋಡಪ್ಪ" ಎಂದು ಕಳಿಸಿದೆ. ಸಂಜೆ ಫೋನ್ ಬಂತು. "ಹಲ್ಲಿ ಸಾರ್, ಒಣಗಿ ಹೋಗಿದೆ. ಎರಡು ಕಬ್ಬಿಣದ ಮಧ್ಯೆನೇ ಇದೆ."