ಐಸ್ ಕಡಿಮೆ ಹಾಕು ಎನ್ನುವ ಮಾವನಿಗೆ

ಗ್ಲಾಸಿನ ತುಂಬ ಐಸ್ ಕಂಡರೆ ನನ್ನ ಸೋದರಮಾವ ಹುಬ್ಬು ಗಂಟಿಕ್ಕುತ್ತಾರೆ. "ಎರಡೇ ತುಂಡು ಸಾಕು. ಉಳಿದದ್ದೆಲ್ಲ ನೀರು ಮಾರುವ ವ್ಯಾಪಾರ" ಎನ್ನುವುದು ಡೊಂಬಿವಲಿಯಲ್ಲಿ ನಲವತ್ತು ವರ್ಷ ಕಳೆದ ಅವರ ಸಿದ್ಧಾಂತ. ಮೇ ತಿಂಗಳಲ್ಲಿ ನನ್ನ ತಂಗಿಯ ಮಗಳ ಆರತಕ್ಷತೆ ಮಡಗಾಂವ್ ಹತ್ತಿರದ ತೆಂಗಿನ ತೋಟವೊಂದರಲ್ಲಿ ನಡೆಯಿತು. ವಾಸ್ಕೋದಲ್ಲಿ ಮನೆ ಮಾಡಿಕೊಂಡಿರುವ ತಪ್ಪಿಗೆ, ಪಾನೀಯ ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು. ಹನ್ನೆರಡನೆಯ ತರಗತಿಗೆ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿದವನ ಕೈಗೆ ಇಂಥ ಕೆಲಸ ಕೊಡಬಾರದು. ಮೂರು ಭಾನುವಾರ ನಮ್ಮ ಅಡುಗೆಮನೆಯಲ್ಲಿ ತೂಕದ ಯಂತ್ರ, ಉಷ್ಣಮಾಪಕ ಮತ್ತು ಗೇರುಹಣ್ಣಿನ ವಾಸನೆ ಒಟ್ಟಿಗೆ ಸಂಸಾರ ಮಾಡಿದವು.

ಮದುಮಗಳಿಗೆ ಬೇಕಿದ್ದದ್ದು ಸಿಗ್ನೇಚರ್ ಕಾಕ್‌ಟೇಲ್, ಅಂದರೆ ಆ ಜೋಡಿಯದೇ ಗುರುತಿನ ಪಾನೀಯ. ಗೋವಾದ ಕಾನೂನಿನಂತೆ ಮದುವೆಯಾಗುವವರು ರಿಜಿಸ್ಟ್ರಾರ್ ಮುಂದೆ ಎರಡು ಸಲ ಸಹಿ ಹಾಕಬೇಕು. ಮೂರನೆಯ ಸಹಿ ಗ್ಲಾಸಿನಲ್ಲಿ ಎಂಬುದು ಅವಳ ತಮಾಷೆ. ಕೊನೆಗೆ ಗೊತ್ತಾದವು ಮೂರು. ಅವಳದು ಮುರುಗಲು ಹಣ್ಣಿನ ಪಾಕ ಬೆರೆಸಿದ ಫೆನಿ, ಅಂದರೆ ಗೇರುಹಣ್ಣಿನ ರಸದಿಂದ ಭಟ್ಟಿ ಇಳಿಸಿದ ಗೋವಾದ ಮದ್ಯ. ಗೋವಾದ ಹುಡುಗನದು ಉರಾಕ್, ಅದೇ ರಸದ ಮೊದಲ ಭಟ್ಟಿಯ ಹಗುರ ಮದ್ಯ: ಅದಕ್ಕೆ ಲಿಮ್ಕಾ, ಸೀಳಿದ ಹಸಿಮೆಣಸಿನಕಾಯಿ, ಚಿಟಿಕೆ ಉಪ್ಪು, ಅಲ್ಲಿನ ಬೇಸಿಗೆಯ ಮಾಮೂಲು. ಕುಡಿಯದವರಿಗೆ ಶಂಖಪುಷ್ಪದ ನೀಲಿ ಐಸ್ ತೇಲಿಸಿದ ನಿಂಬೆ ಪಾನಕ. ಪಟ್ಟಿ ಓದಿ ಹೇಳಿದಾಗ ಧಾರವಾಡದ ದೊಡ್ಡಮ್ಮ ಫೋನಿನಲ್ಲಿ ಬಹಳ ಸಂತೋಷಪಟ್ಟರು. ಅವರು ಫೇಣಿ ಎಂದು ಕೇಳಿಸಿಕೊಂಡು, ಸಕ್ಕರೆ ಉದುರಿಸಿ ಬಾದಾಮಿ ಹಾಲು ಸುರಿದುಕೊಳ್ಳುವ ಸಿಹಿಯನ್ನು ನೆನೆದಿದ್ದರು. ಫೆನಿ ಎಂಬ ಹೆಸರು ಬಂದದ್ದು ನೊರೆ ಎಂಬರ್ಥದ ಕೊಂಕಣಿ ಮಾತಿನಿಂದ, ಅದು ಸಂಸ್ಕೃತದ ಫೇನವೇ. ಸೀಸೆ ಅಲುಗಿಸಿ ನೊರೆಗುಳ್ಳೆ ನೋಡಿ ಅದರ ಬಿರುಸನ್ನು ಅಳೆಯುವ ರೂಢಿ ಭಟ್ಟಿಯವರಲ್ಲಿ ಇದೆ. ಗೇರುಮರ ಮಾತ್ರ ಬ್ರೆಜಿಲ್‌ನದು, ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ತಂದದ್ದು. 2009ರಲ್ಲಿ ಗೋವಾದ ಗೇರು ಫೆನಿಗೆ ಭೌಗೋಳಿಕ ಸೂಚಿಕೆ, ಅಂದರೆ ಆ ನೆಲದ್ದೇ ಎಂಬ ಜಿಐ ಗುರುತು, ಸಿಕ್ಕಿತು. ದೊಡ್ಡಮ್ಮನಿಗೆ ಈ ಇತಿಹಾಸದಿಂದ ಸಮಾಧಾನವಾಗಲಿಲ್ಲ.

ಇನ್ನು ಐಸಿನ ವಿಷಯ. ಆರತಕ್ಷತೆಗೆ ಪಾನೀಯ ಆರಿಸುವವರು ಹೆಸರು, ಬಣ್ಣ, ಗ್ಲಾಸಿನ ಅಂಚಿನ ಎಲೆ ಎಲ್ಲವನ್ನೂ ಚರ್ಚಿಸುತ್ತಾರೆ; ಐಸನ್ನು ಮಾತ್ರ ಪೆಂಡಾಲಿನ ಹಗ್ಗದ ಹಾಗೆ, ಯಾರೋ ತರುತ್ತಾರೆ ಎಂದು ಬಿಟ್ಟುಬಿಡುತ್ತಾರೆ. ಮೇ ತಿಂಗಳ ಗೋವಾದಲ್ಲಿ ಗ್ಲಾಸಿನಲ್ಲಿರುವ ಅತಿ ಮುಖ್ಯ ವಸ್ತುವೇ ಅದು. ಅದು ತಣ್ಣಗಿರುವುದರಿಂದ ತಂಪು ಮಾಡುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಅದು ತಂಪು ಮಾಡುವುದು ಕರಗುವುದರಿಂದ.

ಲೆಕ್ಕ ನೋಡಿ. ಇಲ್ಲಿ ಕ್ಯಾಲೊರಿ ಎಂದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ. ಫ್ರೀಜರಿನಿಂದ ಮೈನಸ್ 18 ಡಿಗ್ರಿಯಲ್ಲಿ ತೆಗೆದ ಒಂದು ಗ್ರಾಂ ಐಸ್, ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ಪಾನೀಯದಿಂದ ಹೀರುವ ಶಾಖ ಸುಮಾರು 9 ಕ್ಯಾಲೊರಿ. ಅದೇ ಗ್ರಾಂ ಸೊನ್ನೆಯಲ್ಲೇ ನಿಂತು ನೀರಾಗಲು ಹೀರುವುದು 80 ಕ್ಯಾಲೊರಿ. ಪಾಠಪುಸ್ತಕದ ಗುಪ್ತೋಷ್ಣ ಇದೇ. ಮದುವೆಗೆ ಬಂದ ನೆಂಟನೊಬ್ಬ ಮನೆಯ ಬಾಗಿಲು ದಾಟುವವರೆಗೆ ಒಂದು ಲೋಟ ಪಾನಕ ಕುಡಿದು, ಎಲೆಯ ಮುಂದೆ ಕುಳಿತ ಮೇಲೆ ಒಂಬತ್ತು ಹೋಳಿಗೆ ಬಾರಿಸಿದ ಹಾಗೆ. ಹೋಳಿಗೆ ತಿಂದರೂ ಮುಖದಲ್ಲಿ ಏನೂ ಕಾಣುವುದಿಲ್ಲ; ಉಷ್ಣಮಾಪಕದ ಮುಳ್ಳು ಸೊನ್ನೆಯಿಂದ ಅಲುಗುವುದಿಲ್ಲ. ಆ ಶಾಖವೆಲ್ಲ ಐಸಿನ ಅಣುಗಳ ಕಟ್ಟು ಬಿಚ್ಚುವುದಕ್ಕೇ ಖರ್ಚಾಗಿದೆ.

1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಇದನ್ನು ತೋರಿಸಿದ್ದು ಎರಡು ಗಾಜಿನ ಬುರುಡೆಗಳನ್ನು ಒಂದು ದೊಡ್ಡ ಕೋಣೆಯಲ್ಲಿ ತೂಗುಬಿಟ್ಟು. ಒಂದರಲ್ಲಿ ಹೆಪ್ಪುಗಟ್ಟುವುದರ ಅಂಚಿನಲ್ಲಿದ್ದ ನೀರು, ಇನ್ನೊಂದರಲ್ಲಿ ಅಷ್ಟೇ ತೂಕದ ಐಸ್. ನೀರು ಅರ್ಧ ಗಂಟೆಯಲ್ಲಿ ಏಳು ಫ್ಯಾರನ್‌ಹೀಟ್ ಡಿಗ್ರಿ ಬಿಸಿಯಾಯಿತು. ಐಸ್ ಕರಗಿ ಅದೇ ಬಿಸಿಗೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಕೋಣೆ ಒಂದೇ, ಗಾಳಿ ಒಂದೇ. ಉಳಿದ ಹತ್ತು ಗಂಟೆಯ ಶಾಖ ಎಲ್ಲಿ ಅಡಗಿತು ಎಂಬ ಪ್ರಶ್ನೆಯಿಂದಲೇ ಗುಪ್ತೋಷ್ಣ ಎಂಬ ಹೆಸರು ಹುಟ್ಟಿತು.

ಈ ಗುಟ್ಟು ಗೊತ್ತಿಲ್ಲದೆಯೂ ಅದರಿಂದ ಹಣ ಮಾಡಿದವನು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಅವನು 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ 180 ಟನ್ ಕೆರೆಯ ಐಸನ್ನು ಮರದ ಹೊಟ್ಟಿನಲ್ಲಿ ಹೂತು ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳು, ಎರಡು ಸಲ ಭೂಮಧ್ಯರೇಖೆ ದಾಟಿ ಬಂದರೂ ನೂರು ಟನ್ನಿನಷ್ಟು ಉಳಿದಿತ್ತು. ಮುಂದೆ ಮುಂಬಯಿಗೂ ಬಂತು, ಅಲ್ಲೊಂದು ಐಸ್ ಹೌಸ್ ಎದ್ದಿತು. ಶೇಠ್ ಜಮ್ಶೆಟ್‌ಜಿ ಜೀಜೀಭಾಯಿ ಔತಣದಲ್ಲಿ ಐಸ್ ಕ್ರೀಮ್ ಬಡಿಸಿ, ಅತಿಥಿಗಳ ಸಮೇತ ನೆಗಡಿ ಹಿಡಿಸಿಕೊಂಡರೆಂಬ ಕಥೆಯನ್ನು ಮುಂಬಯಿಯವರು ಈಗಲೂ ಹೇಳುತ್ತಾರೆ. (ತಣ್ಣನೆಯದು ತಿಂದರೆ ನೆಗಡಿ ಬರುವುದಿಲ್ಲ, ವೈರಸ್ ಹೊಕ್ಕರೆ ಬರುತ್ತದೆ. ಆದರೆ ಈ ಜಗಳ ಇನ್ನೊಂದು ದಿನಕ್ಕೆ ಇರಲಿ.) ನೂರು ಟನ್ ಉಳಿದದ್ದು ಗಾತ್ರದ ದೆಸೆಯಿಂದ: ಗಡ್ಡೆ ದೊಡ್ಡದಾದಷ್ಟೂ ಒಳಗಿನ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆ. ಗಾಡಿಯವನು ಕುಟ್ಟಿ ಕೊಡುವ ಪುಡಿ ಐಸ್ ಕ್ಷಣದಲ್ಲಿ ಮಾಯವಾಗುವುದಕ್ಕೂ ಇದೇ ಕಾರಣ.

ಮಾವನ ಗ್ಲಾಸಿಗೆ ಬರೋಣ. 200 ಮಿಲಿಲೀಟರ್ ಪಾನೀಯ, 30 ಡಿಗ್ರಿ ಬಿಸಿ. ಸುಲಭಕ್ಕೆ ಅದನ್ನು ನೀರೆಂದೇ ಎಣಿಸಿದರೆ, ಸೊನ್ನೆಗೆ ಇಳಿಸಲು 6,000 ಕ್ಯಾಲೊರಿ ಹೊರಗೆ ಹೋಗಬೇಕು. 80ರಿಂದ ಭಾಗಿಸಿ: 75 ಗ್ರಾಂ ಐಸ್ ಕರಗಲೇಬೇಕು. ಮಾವ ಹಾಕಿಸಿಕೊಳ್ಳುವ ಎರಡು ತುಂಡಿನ ತೂಕ 50 ಗ್ರಾಂ. ಎರಡೂ ಪೂರ್ತಿ ಕರಗಿ, ಪಾನೀಯ 8 ಡಿಗ್ರಿಗೆ ಬಂದು, ಅಲ್ಲಿಂದ ಮತ್ತೆ ಬಿಸಿಯೇರಲು ಶುರು. ಕಾವಲಿಗೆ ಯಾರೂ ಉಳಿದಿಲ್ಲ. ನೀರು 25 ಗ್ರಾಂ ಕಡಿಮೆ ಸೇರಿತು, ನಿಜ. ತಂಪೂ ಅಷ್ಟೇ ಕಡಿಮೆಯಾಯಿತು. ನೀರು ಬೇಡ, ತಂಪು ಬೇಕು ಎನ್ನುವುದು ಬಡ್ಡಿ ಬೇಡ, ಸಾಲ ಬೇಕು ಎಂದ ಹಾಗೆ. ಕರಗದ ಕಲ್ಲಿನ ತುಂಡುಗಳನ್ನು ಫ್ರೀಜರಿನಲ್ಲಿಟ್ಟು ವಿಸ್ಕಿಗೆ ಹಾಕುವವರಿದ್ದಾರಲ್ಲ, ಅವರದು ಇನ್ನೂ ದುಬಾರಿ ಭ್ರಮೆ. ಗ್ರಾಮಿಗೆ ನಾಲ್ಕು ಕ್ಯಾಲೊರಿ ಹೀರಿ ಕಲ್ಲು ಕಲ್ಲಾಗಿಯೇ ಕುಳಿತಿರುತ್ತದೆ.

ಎರಡನೆಯ ಭಾನುವಾರ ಫೆನಿ, ಮುರುಗಲಿನ ಪಾಕ, ಐಸ್ ಸೇರಿಸಿ ಶೇಕರಿನಲ್ಲಿ ಚೆನ್ನಾಗಿ ಕುಲುಕಿ ಉಷ್ಣಮಾಪಕ ಅದ್ದಿದೆ. ಮೈನಸ್ 5. ಶೇಕರಿನ ಹೊರಮೈಯಲ್ಲಿ ಮೊದಲು ಹನಿ, ಆಮೇಲೆ ಬೆರಳು ಅಂಟುವಂಥ ಬಿಳಿಯ ಹಿಮ. ಸೊನ್ನೆ ಡಿಗ್ರಿಯಲ್ಲಿ ಕರಗುವ ವಸ್ತು ತನ್ನ ಸುತ್ತಲನ್ನು ಸೊನ್ನೆಗಿಂತ ಕೆಳಗೆ ಹೇಗೆ ಇಳಿಸಿತು? ನನ್ನ ತಂಗಿ ಇದನ್ನು ಕೇಳಿ ತಪ್ಪು ಮಾಡಿದಳು.

ಐಸಿನ ಮೈಯಲ್ಲಿ ಸದಾ ಎರಡು ದಿಕ್ಕಿನ ಓಡಾಟ ಇರುತ್ತದೆ. ಕೆಲವು ಅಣುಗಳು ಕಳಚಿಕೊಂಡು ನೀರಿಗೆ ಹೋಗುತ್ತವೆ, ಕೆಲವು ನೀರಿನಿಂದ ಬಂದು ಅಂಟಿಕೊಳ್ಳುತ್ತವೆ. ಶುದ್ಧ ನೀರಿನಲ್ಲಿ ಸೊನ್ನೆ ಡಿಗ್ರಿ ಎಂದರೆ ಹೋಗುವವರೂ ಬರುವವರೂ ಸಮ. ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ: ಉಂಡವರು ಏಳುತ್ತಾರೆ, ಕಾದವರು ಕೂರುತ್ತಾರೆ, ಪಂಕ್ತಿಯ ಉದ್ದ ಬದಲಾಗುವುದಿಲ್ಲ. ಈಗ ಊಟಕ್ಕೆ ಕೂರದ, ಆದರೆ ಎಲೆಯ ಹಿಂದೆ ನಿಂತು ಹರಟುವ ಐವತ್ತು ಜನರನ್ನು ಛತ್ರಕ್ಕೆ ಬಿಡಿ. ಏಳುವವರಿಗೆ ತೊಂದರೆಯಿಲ್ಲ, ಕೂರಬೇಕಾದವರಿಗೆ ದಾರಿಯಿಲ್ಲ. ಪಂಕ್ತಿ ತೆರವಾಗುತ್ತ ಹೋಗುತ್ತದೆ. ಆಲ್ಕೊಹಾಲಿನ ಅಣುಗಳು ಆ ಹರಟೆಯವರು. ಅಥವಾ ಸಂಜೆಯ ದಾದರ್ ನಿಲ್ದಾಣ: ಇಳಿಯುವವರು ಹೇಗೋ ಇಳಿದರು, ಹತ್ತಬೇಕಾದವರನ್ನು ಬೇರೆ ಲೋಕಲ್ಲಿಗೆ ಕಾದವರು ತಡೆದು ನಿಂತಿದ್ದಾರೆ, ಗಾಡಿ ಖಾಲಿಯಾಯಿತು. ಹಾಗೆ ಐಸ್ ಕರಗುತ್ತಲೇ ಇರುತ್ತದೆ, ಪ್ರತಿ ಗ್ರಾಮಿಗೂ ಶಾಖ ಹೀರುತ್ತಲೇ ಇರುತ್ತದೆ. ಹೊರಗಿನಿಂದ ಅಷ್ಟು ಬೇಗ ಶಾಖ ಬರದಿದ್ದಾಗ ಪಾನೀಯದಿಂದಲೇ, ತನ್ನಿಂದಲೇ ಕೀಳುತ್ತದೆ. ಎರಡೂ ಓಡಾಟ ಮತ್ತೆ ಸಮವಾಗುವ ಕಡೆ, ಸೊನ್ನೆಯ ಕೆಳಗೆ, ಮುಳ್ಳು ನಿಲ್ಲುತ್ತದೆ. ಕುಲ್ಫಿಯವನು ಮಡಕೆಯ ಐಸಿಗೆ ಉಪ್ಪು ಸುರಿಯುವುದೂ ಇದಕ್ಕೇ. "ಕುಲ್ಫಿಯಿಂದಲೇ ಶುರು ಮಾಡಬಹುದಿತ್ತಲ್ಲ" ಎಂದಳು ತಂಗಿ.

ರುಚಿ ನೋಡುವವರಿಗೆ ಇದರಿಂದ ಒಂದು ಎಚ್ಚರಿಕೆ. ಸಿಹಿಯ ಸುದ್ದಿಯನ್ನು ಮುಂದಕ್ಕೆ ದಾಟಿಸುವ ನಾಲಿಗೆಯ ಜೀವಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಸೂಕ್ಷ್ಮ ಬಾಗಿಲೊಂದಿದೆ, ತಂಪಿನಲ್ಲಿ ಅದು ಸರಿಯಾಗಿ ತೆರೆಯುವುದಿಲ್ಲ. ಕರಗಿದ ಐಸ್ ಕ್ರೀಮ್ ಗಂಟಲು ಕಟ್ಟುವಷ್ಟು ಸಿಹಿ ಅನಿಸುವುದು ಹೀಗೆ. ಚಮಚದಲ್ಲಿ ಬೆಚ್ಚಗೆ ಹದವಾಗಿದ್ದ ನಮ್ಮ ಮುರುಗಲು ಪಾಕ ಐಸಿನಲ್ಲಿ ಬರೀ ಹುಳಿಯಾಯಿತು, ಸಕ್ಕರೆ ಹೆಚ್ಚಿಸಬೇಕಾಯಿತು. ಫೆನಿಯ ಗಾಢ ವಾಸನೆಯೂ ತಂಪಿಗೆ ಅಡಗುತ್ತದೆ. ಅದು ಅನುಕೂಲವೂ ಹೌದು, ಅಪಾಯವೂ ಹೌದು: ಕುಡಿದದ್ದು ಎಷ್ಟೆಂದು ನಾಲಿಗೆಗೆ ತಿಳಿಯುವುದಿಲ್ಲ, ಯಕೃತ್ತಿಗೆ ತಿಳಿಯುತ್ತದೆ. ಅದು ತನ್ನ ನಿಧಾನದಲ್ಲೇ ಕೆಲಸ ಮಾಡುತ್ತದೆ. ನಿಂಬೆಹಣ್ಣು, ಮಜ್ಜಿಗೆ, ಕಾಫಿ ಯಾವುದೂ ಅಮಲನ್ನು ಇಳಿಸುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಪ್ರತಿ ಮದುವೆಯಲ್ಲಿ ಯಾರೋ ಒಬ್ಬರು ನಿಂಬೆಹಣ್ಣು ಹಿಡಿದು ಓಡುತ್ತಿರುತ್ತಾರೆ.

ನೀಲಿ ಐಸ್ ಕೈಕೊಟ್ಟಿತು. 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು ನಿಯಮ ಮಾಡಿತು. ಮೀನು ಕೆಡದಂತಿಡುವ ಐಸ್ ಕಬ್ಬಿನ ಹಾಲಿಗೆ ಸೇರಬಾರದಲ್ಲ. ಒಳ್ಳೆಯ ನಿಯಮ. ಮುಲುಂದಿನ ಅತ್ತಿಗೆ ಅದನ್ನು ಮರೆತಿರಲಿಲ್ಲ. ಪಾನಕದಲ್ಲಿ ತೇಲುವ ನೀಲಿ ತುಂಡು ಕಂಡು ಗ್ಲಾಸನ್ನು ಮೇಜಿನ ಆ ತುದಿಗೆ ತಳ್ಳಿದರು. ಇದು ಹೂವಿನ ಬಣ್ಣ, ಪರೀಕ್ಷೆ ನೋಡಿ ಎಂದು ಒಂದು ತುಂಡನ್ನು ತಟ್ಟೆಯಲ್ಲಿಟ್ಟು ನಿಂಬೆ ಹಿಂಡಿದೆ. ಶಂಖಪುಷ್ಪದಲ್ಲಿರುವ ಆಂಥೊಸಯನಿನ್ ಎಂಬ ಬಣ್ಣದ್ರವ್ಯ ಆಮ್ಲ ಸೋಕಿದೊಡನೆ ನೇರಳೆಯಾಯಿತು. ಕಾರ್ಖಾನೆಯ ನೀಲಿಯಾಗಿದ್ದರೆ ಹಾಗೇ ಉಳಿಯುತ್ತಿತ್ತು. ಅತ್ತಿಗೆ ತಟ್ಟೆಯನ್ನೂ ನನ್ನನ್ನೂ ನೋಡಿ, "ಬಣ್ಣ ಬದಲಾಯಿಸುವುದನ್ನು ಅಂತೂ ಕುಡಿಯುವುದಿಲ್ಲ" ಎಂದರು.

ಆರತಕ್ಷತೆಯ ಹಿಂದಿನ ರಾತ್ರಿ ಎಲ್ಲ ಪಾನೀಯವನ್ನೂ ದೊಡ್ಡ ಪಾತ್ರೆಗಳಲ್ಲಿ ಬೆರೆಸಿ, ಬೇಕಾದ ನೀರನ್ನು ಅಳೆದು ಸೇರಿಸಿ, ಫ್ರಿಜ್ಜಿನಲ್ಲಿಟ್ಟೆವು. ಗುಳ್ಳೆಯೆದ್ದು ಹೋಗುವ ಲಿಮ್ಕಾ ಮಾತ್ರ ಮುಚ್ಚಳ ಹಾಕಿಯೇ ಪಕ್ಕದಲ್ಲಿ ಕುಳಿತಿತ್ತು. ಬೆಳಗಾಗುವಷ್ಟರಲ್ಲಿ 5 ಡಿಗ್ರಿ. 200 ಮಿಲಿಲೀಟರನ್ನು ಅಲ್ಲಿಂದ ಸೊನ್ನೆಗೆ ಇಳಿಸಲು 1,000 ಕ್ಯಾಲೊರಿ, ಅಂದರೆ ಹನ್ನೆರಡೂವರೆ ಗ್ರಾಂ ಐಸ್ ಸಾಕು. 75 ಗ್ರಾಮಿನ ಬದಲು ಹನ್ನೆರಡೂವರೆ. ಸಂಜೆ ಮಾವನ ಕೈಗೆ ಫೆನಿಯ ಗ್ಲಾಸು ಕೊಡುವಾಗ, ಅವರ ಇಷ್ಟದಂತೆ, ಎರಡೇ ತುಂಡು ಹಾಕಿದೆ. ಹತ್ತು ನಿಮಿಷದ ಮೇಲೆ ಅವರು ನನ್ನನ್ನು ಕರೆದು, ಗ್ಲಾಸನ್ನು ತೋರಣದ ದೀಪಕ್ಕೆ ಹಿಡಿದು ತೋರಿಸಿದರು. ಅಂಚು ಸವೆದಿದ್ದರೂ ಎರಡೂ ತುಂಡು ತೇಲುತ್ತಿದ್ದವು.

"ನೋಡಿದೆಯಾ? ನಲವತ್ತು ವರ್ಷದಿಂದ ನಾನು ಹೇಳುತ್ತಿರುವುದು ಇದನ್ನೇ."